ಡಬ್ಬಕ್ಕೆ ಎರಡು ತೂತು

2012ರ ಬೇಸಿಗೆ. ಕೂಕಟ್‌ಪಲ್ಲಿಯಲ್ಲಿ ಆಗ ದಿನಾ ಕರೆಂಟು ಹೋಗುತ್ತಿತ್ತು. ನಮ್ಮದು ಹದಿನೆಂಟು ಮನೆಗಳ ಸಣ್ಣ ಅಪಾರ್ಟ್‌ಮೆಂಟು. ದೊಡ್ಡ ಡೀಸೆಲ್ ಜನರೇಟರ್ ಇಡಲು ಜಾಗವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಮೆಟ್ಟಿಲು ಮತ್ತು ಪಾರ್ಕಿಂಗಿನ ದೀಪಗಳಿಗಾದರೂ ಇರಲಿ ಎಂದು ಒಂದು ಪುಟ್ಟ ಪೆಟ್ರೋಲ್ ಜನರೇಟರ್ ತಂದಿದ್ದೆವು. ಆ ವರ್ಷ ಅಸೋಸಿಯೇಷನ್ನಿನ ಕಾರ್ಯದರ್ಶಿ ನಾನು. ಪೆಟ್ರೋಲ್ ತರಲು ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು ಕೊಂಡವನೂ ನಾನೇ. ಅಂಗಡಿಯಲ್ಲಿದ್ದ ಮೂರು ಥರದ ಕ್ಯಾನುಗಳಲ್ಲಿ ಅಗ್ಗದ್ದನ್ನು ಆರಿಸಿದ್ದೆ.

ನಮ್ಮ ವಾಚ್‌ಮನ್ ಕೃಷ್ಣಾ ಗ್ರಾಮದ ಕಡೆಯವರು. ನದಿ ದಾಟಿದರೆ ರಾಯಚೂರು. ಆಗ ಅದು ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು, ಈಗ ನಾರಾಯಣಪೇಟೆಗೆ ಸೇರಿದೆ. ಮನೆಮಾತು ಕನ್ನಡ. ಇಡೀ ಬಿಲ್ಡಿಂಗಿನಲ್ಲಿ ನನ್ನ ಜೊತೆ ನಮ್ಮೂರಿನ ಧಾಟಿಯಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ. ಕ್ಯಾನು ತಂದ ಮೂರನೆಯ ದಿನವೇ ಅವರು ಕೇಳಿದ್ದರು: "ಸರ, ಇದಕ್ಕ ಹಿಂದಿನ ಕಡಿಗಿ ಒಂದ್ ಸಣ್ಣ ತೂತ್ ಹೊಡೀಲೇನ್ರೀ? ಭಕ್ ಭಕ್ ಅಂತ ಚೆಲ್ಲಾಕತ್ತದ."

ಹೊಸ ಕ್ಯಾನು, ಪೆಟ್ರೋಲೆಲ್ಲ ಆವಿಯಾಗಿ ಹೋಗುತ್ತದೆ, ಬೇಡ ಎಂದೆ.

ಮೇ ತಿಂಗಳ ಒಂದು ರಾತ್ರಿ ಜನರೇಟರ್ ಓಡುತ್ತಿದ್ದಾಗಲೇ ಟ್ಯಾಂಕು ಖಾಲಿಯಾಗಿ ನಿಂತಿತು. ಎಲ್ಲ ಬಾಲ್ಕನಿಗಳಿಂದ ಕೂಗು. ಬೇಗ ಬೇಗ ಎಂದು ಕೂಗಿದವರಲ್ಲಿ ನಾನೂ ಇದ್ದೆ. ಅವರು ಎಡಗೈಯಲ್ಲಿ ಮೊಬೈಲಿನ ಬೆಳಕು ಹಿಡಿದು, ಬಲಗೈಯಲ್ಲಿ ತುಂಬಿದ ಕ್ಯಾನು ಬಗ್ಗಿಸಿದರು. ಕ್ಯಾನು ಒಮ್ಮೆ ಬಿಕ್ಕಿತು, ಪೆಟ್ರೋಲು ಟ್ಯಾಂಕಿನ ಬಾಯಿ ದಾಟಿ ಕಾದ ಸೈಲೆನ್ಸರ್ ಮೇಲೆ ಬಿತ್ತು. ಪಕ್ಕದ ಮನೆಯ ಹುಡುಗ ಮರಳಿನ ಬಕೆಟ್ ತಂದು ಸುರಿದದ್ದರಿಂದ ಬೆಂಕಿ ಅಲ್ಲಿಗೇ ನಿಂತಿತು. ಆದರೆ ವಾಚ್‌ಮನ್ನರ ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಮೂರು ವಾರ ಅವರು ಕೆಲಸಕ್ಕೆ ಬರಲಾಗಲಿಲ್ಲ.

ಆಫೀಸಿನಲ್ಲಿ ಸರ್ವರ್ ಬಿದ್ದರೆ ಮೂಲಕಾರಣ ಹುಡುಕಿ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಅದೇ ಚಾಳಿಯಲ್ಲಿ ಅಸೋಸಿಯೇಷನ್ನಿನ ಮಿನಿಟ್ಸ್ ಪುಸ್ತಕದಲ್ಲಿ ಬರೆದೆ: "ಕಾರಣ: ವಾಚ್‌ಮನ್ನರ ಅಜಾಗರೂಕತೆ." ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬಾರದಿತ್ತು ಎಂಬುದು ನಿಜ, ಹತ್ತು ನಿಮಿಷ ಆರಲು ಬಿಡಬೇಕಿತ್ತು. ಆದರೆ ಅವರು ಕೇಳಿದ್ದ ಆ ತೂತಿನ ಮಾತು ತಲೆಯಿಂದ ಹೋಗಲೇ ಇಲ್ಲ. ಎಣ್ಣೆ ತುಂಬುವ ಡಬ್ಬಗಳ ಚರಿತ್ರೆಯನ್ನು ನಾನು ಓದತೊಡಗಿದ್ದು ಹಾಗೆ.

ಆ ತೂತನ್ನು ನಾನು ಮೊದಲು ನೋಡಿದ್ದು ಕಲಬುರಗಿ ಜಿಲ್ಲೆಯ ನಮ್ಮೂರಿನ ಮನೆಯಲ್ಲಿ. ಹಬ್ಬಕ್ಕೆ ಹದಿನೈದು ಕೆಜಿಯ ಸೇಂಗಾ ಎಣ್ಣೆಯ ಡಬ್ಬ ಬರುತ್ತಿತ್ತು. ನಮ್ಮ ಆಯಿ, ಅಂದರೆ ಅಜ್ಜಿ, ಮೊಳೆಯಿಟ್ಟು ಕಲ್ಲಿನಿಂದ ಕುಟ್ಟಿ ಒಂದು ಮೂಲೆಯಲ್ಲಿ ದೊಡ್ಡ ತೂತು ಮಾಡುವಳು. ಆಮೇಲೆ ಎದುರು ಮೂಲೆಯಲ್ಲಿ ಚಿಕ್ಕದೊಂದು. ಅದ್ಯಾಕೆ ಎಂದು ಕೇಳಿದರೆ, "ಗಾಳಿ ಒಳಗ ಹೋಗಲಿಲ್ಲಂದ್ರ ಎಣ್ಣಿ ಹೊರಗ ಹ್ಯಾಂಗ ಬರ್ತದೋ ತಮ್ಮಾ?" ಎನ್ನುವಳು. ಮುಂದೆ ಸುರತ್ಕಲ್ಲಿನಲ್ಲಿ ಎಂ.ಟೆಕ್ ಮಾಡುವಾಗ ಇದನ್ನೇ ಸಮೀಕರಣಗಳಲ್ಲಿ ಓದಿದೆ. ದ್ರವ ಹೊರಬಿದ್ದಷ್ಟೂ ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಅದೇ ಬಾಯಿಯಿಂದ ಒಳನುಗ್ಗುತ್ತದೆ, ಆ ಕ್ಷಣ ಹರಿವು ನಿಲ್ಲುತ್ತದೆ, ಮರುಕ್ಷಣ ಒಮ್ಮೆಲೇ ಉಕ್ಕುತ್ತದೆ. ಭಕ್ ಭಕ್ ಎಂದರೆ ಒಂದೇ ಬಾಗಿಲಲ್ಲಿ ಎಣ್ಣೆಯೂ ಗಾಳಿಯೂ ಸರದಿಯಲ್ಲಿ ನುಗ್ಗಾಡುವ ಸದ್ದು. ಕರಾವಳಿಯ ಗೆಳೆಯನ ಮನೆಯಲ್ಲಿ ಕಾಲು ತೊಳೆಯಲು ಗಿಂಡಿ ಕೊಟ್ಟಾಗಲೂ ಅದೇ ಪಾಠ ಕಂಡಿತು. ಮೇಲಿನ ಅಗಲ ಬಾಯಿ ಗಾಳಿಗೆ, ಪಕ್ಕದ ಮೂತಿ ನೀರಿಗೆ. ಹನಿಯೂ ಆಚೀಚೆ ಬೀಳುವುದಿಲ್ಲ.

ಆಯಿ ಕುಟ್ಟುತ್ತಿದ್ದ ಆ ಚೌಕ ಡಬ್ಬದ್ದೇ ಒಂದು ಕಥೆ. ಅದರ ಮೂಲ ಸೀಮೆಎಣ್ಣೆಯ ಡಬ್ಬ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಎಣ್ಣೆ ಏಷ್ಯಾಕ್ಕೆ ಬರುತ್ತಿದ್ದದ್ದು ಐದು ಅಮೆರಿಕನ್ ಗ್ಯಾಲನ್ನಿನ ತಗಡಿನ ಡಬ್ಬಗಳಲ್ಲಿ, ಒಂದು ಮರದ ಪೆಟ್ಟಿಗೆಗೆ ಎರಡರಂತೆ. ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತು ಲೀಟರಿಗೆ ಸ್ವಲ್ಪ ಕಡಿಮೆ. ಬ್ರಿಟಿಷರ ಗ್ಯಾಲನ್ ದೊಡ್ಡದಾದ್ದರಿಂದ ನಮ್ಮಲ್ಲಿ ಅದು ನಾಲ್ಕು ಗ್ಯಾಲನ್ ಡಬ್ಬವಾಯಿತು. ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮುಯೆಲ್‌ಗೆ ಈ ಡಬ್ಬದ ಖರ್ಚು ಉಳಿಸುವ ಯೋಚನೆ ಬಂತು. 1892ರಲ್ಲಿ ಅವನ ಮ್ಯೂರೆಕ್ಸ್ ಎಂಬ ಹಡಗು ರಷ್ಯಾದ ಸೀಮೆಎಣ್ಣೆಯನ್ನು ಟ್ಯಾಂಕುಗಳಲ್ಲೇ ತುಂಬಿಕೊಂಡು ಸೂಯೆಜ್ ಕಾಲುವೆ ದಾಟಿತು. ಗಿರಾಕಿಗಳು ತಮ್ಮ ತಮ್ಮ ಪಾತ್ರೆ ತಂದು ತುಂಬಿಸಿಕೊಂಡು ಹೋಗುತ್ತಾರೆ ಎಂದು ಅವನ ಲೆಕ್ಕ. ಯಾರೂ ಬರಲಿಲ್ಲ. ಜನರಿಗೆ ಎಣ್ಣೆಯಷ್ಟೇ ಡಬ್ಬವೂ ಬೇಕಾಗಿತ್ತು! ಕೊನೆಗೆ ಸ್ಯಾಮುಯೆಲ್ ತಗಡು ತರಿಸಿ, ಇಲ್ಲೇ ಪೂರ್ವದೇಶಗಳಲ್ಲಿ ಡಬ್ಬ ಮಾಡಿಸಿ, ಸ್ಟ್ಯಾಂಡರ್ಡಿನವರ ನೀಲಿಗೆ ಎದುರಾಗಿ ಕೆಂಪು ಬಣ್ಣ ಹೊಡೆಸಿ ಮಾರಬೇಕಾಯಿತು. ಈ ವ್ಯಾಪಾರವೇ ಬೆಳೆದು ಶೆಲ್ ಕಂಪನಿಯಾಯಿತು. 1928ರಿಂದ ಬರ್ಮಾ-ಶೆಲ್ ಹೆಸರಿನಲ್ಲಿ ನಮ್ಮಲ್ಲಿ ಎಣ್ಣೆ ಮಾರಿತು. 1976ರಲ್ಲಿ ಸರ್ಕಾರದ ಕೈಸೇರಿ ಇಂದಿನ ಭಾರತ್ ಪೆಟ್ರೋಲಿಯಂ ಆಯಿತು.

ಖಾಲಿ ಡಬ್ಬ ಎಷ್ಟು ಬಾಳುತ್ತಿತ್ತು ಎಂಬುದು ಊರಿನಿಂದ ಬಂದವರಿಗೆ ಹೇಳಬೇಕಾಗಿಲ್ಲ. ಬಾವಿಯ ಕೊಡ, ತೊಗರಿ ತುಂಬುವ ಡಬ್ಬ, ತುಳಸಿಯ ಕುಂಡ, ಬಿಚ್ಚಿ ಬಡಿದರೆ ಬಚ್ಚಲ ಮನೆಯ ಬಾಗಿಲು. ನಮ್ಮ ಮನೆಯ ದನದ ಕೊಟ್ಟಿಗೆಯ ಒಂದು ಮೂಲೆಗೆ ಇಂಥ ತಗಡಿನ ಚಾವಣಿಯೇ ಇತ್ತು. ಮಳೆ ಬಂದರೆ ಅದರ ಕೆಳಗೆ ಮಾತು ಕೇಳಿಸುತ್ತಿರಲಿಲ್ಲ.

ಸೀಮೆಎಣ್ಣೆಗೆ ಈ ತೆಳು ತಗಡಿನ ಡಬ್ಬ ಸಾಕಾಗಿತ್ತು. ಸೋರಿದರೂ ಅದು ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಅಂಗಡಿಯವನಂತೂ ಡಬ್ಬ ಬಗ್ಗಿಸುತ್ತಲೇ ಇರಲಿಲ್ಲ, ಕೈಪಂಪು ಇಳಿಬಿಟ್ಟು ಲೀಟರಿಗೆ ಎತ್ತುತ್ತಿದ್ದ. ಪೆಟ್ರೋಲಿನ ಜಾತಿ ಬೇರೆ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲದಗುಂಟ ಹರಿಯುತ್ತದೆ. ಬ್ರಿಟಿಷ್ ಸೇನೆ ಎರಡನೆಯ ಮಹಾಯುದ್ಧದಲ್ಲಿ ಇಂಥ ಪೆಟ್ರೋಲನ್ನು ಅದೇ ಜಾತಿಯ ನಾಲ್ಕು ಗ್ಯಾಲನ್ ತಗಡಿನ ಡಬ್ಬಗಳಲ್ಲಿ ತುಂಬಿಸಿ ಉತ್ತರ ಆಫ್ರಿಕಾದ ಮರುಭೂಮಿಗೆ ಕಳಿಸಿತು. ಸೈನಿಕರು ಅದಕ್ಕಿಟ್ಟ ಹೆಸರು ಫ್ಲಿಮ್ಸಿ, ಅಂದರೆ ಮುಟ್ಟಿದರೆ ಮುರಿಯುವಂಥದ್ದು. ಕಲ್ಲು ಹಾದಿಯಲ್ಲಿ ಲಾರಿ ಕುಲುಕಿದಂತೆ ಬೆಸುಗೆ ಬಿಡುತ್ತಿತ್ತು. ಲಾರಿಯ ತಳದಲ್ಲಿ ಪೆಟ್ರೋಲು ಹರಿಯುತ್ತಿತ್ತು. ಹೊರಟಲ್ಲಿಂದ ತಲುಪುವಷ್ಟರಲ್ಲಿ ನೂರಕ್ಕೆ ಮೂವತ್ತು ಪಾಲು ಪೋಲಾಗುತ್ತಿದೆ ಎಂಬುದು ಸೇನಾಧಿಪತಿ ಆಕಿನ್‌ಲೆಕ್‌ನ ಅಂದಾಜು. ಪೋಲಾದ ಪೆಟ್ರೋಲನ್ನು ಸಾಗಿಸಿದ ಲಾರಿಗಳು ಸುಟ್ಟ ಪೆಟ್ರೋಲಿನ ಲೆಕ್ಕ ಬೇರೆ.

ಈ ಮರುಭೂಮಿಯಲ್ಲಿ ನಮ್ಮವರೂ ಇದ್ದರು. ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳು ನಾಲ್ಕನೆಯ ಭಾರತೀಯ ಡಿವಿಷನ್ ಜೊತೆ ಹೋಗಿದ್ದವು. ಖಾಲಿ ಡಬ್ಬಕ್ಕೆ ಅಲ್ಲಿಯೂ ಮರುಜನ್ಮವಿತ್ತು. ಅರ್ಧಕ್ಕೆ ಕತ್ತರಿಸಿ, ಮರಳು ತುಂಬಿ, ಒಂದಿಷ್ಟು ಪೆಟ್ರೋಲ್ ಸುರಿದು ಹಚ್ಚಿದರೆ ಚಹಾ ಕಾಯಿಸುವ ಒಲೆ. ಆ ಡಬ್ಬ ನೆಟ್ಟಗೆ ಮಾಡಿದ ಕೆಲಸ ಅದೊಂದೇ ಎಂದು ನನಗನ್ನಿಸುತ್ತದೆ.

ಎದುರು ಪಾಳೆಯದ ಜರ್ಮನ್ನರ ಬಳಿ ಬೇರೆಯೇ ಕ್ಯಾನಿತ್ತು. 1937ರ ಸುಮಾರಿಗೆ ಷ್ವೆಲ್ಮ್ ಎಂಬ ಊರಿನ ಮ್ಯೂಲರ್ ಕಂಪನಿಯ ಎಂಜಿನಿಯರ್ ವಿನ್ಸೆನ್ಜ್ ಗ್ರ್ಯೂನ್‌ಫೋಗೆಲ್ ರೂಪಿಸಿದ್ದು. ಇಪ್ಪತ್ತು ಲೀಟರಿನದು. ಇಂಗ್ಲಿಷರು ಜರ್ಮನ್ನರನ್ನು ಜೆರಿ ಎಂದು ಹಂಗಿಸುತ್ತಿದ್ದುದರಿಂದ ಅದಕ್ಕೆ ಜೆರಿಕ್ಯಾನ್ ಎಂಬ ಹೆಸರು ಬಂತು. ನಮ್ಮ ಅಂಗಡಿಗಳ ಬಾಯಲ್ಲಿ ಅದು ಜರಿಕ್ಯಾನ್, ಕೆಲವರಿಗೆ ಜರ್ಕಿನ್.

ಇದನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದೊಂದು ಭಾಗಕ್ಕೂ ಒಂದೊಂದು ಕಾರಣ ಕಾಣುತ್ತದೆ. ಅಚ್ಚೊತ್ತಿದ ಎರಡು ಉಕ್ಕಿನ ಅರ್ಧಗಳನ್ನು ಸೇರಿಸಿ ಒಂದೇ ಬೆಸುಗೆ. ಆ ಬೆಸುಗೆ ಒಂದು ತಗ್ಗಿನಲ್ಲಿರುವುದರಿಂದ ಎಲ್ಲಿ ತಾಗಿದರೂ ಅದಕ್ಕೆ ಪೆಟ್ಟು ಬೀಳುವುದಿಲ್ಲ. ಮೇಲೆ ಒಂದಲ್ಲ, ಮೂರು ಹಿಡಿಕೆ. ಒಬ್ಬನೇ ಎತ್ತುವುದಾದರೆ ನಡುವಿನದು, ಇಬ್ಬರು ಹಿಡಿಯುವುದಾದರೆ ಆಚೀಚಿನವು. ಖಾಲಿ ಕ್ಯಾನುಗಳಾದರೆ ಅಕ್ಕಪಕ್ಕದ ಹಿಡಿಕೆಗಳನ್ನು ಸೇರಿಸಿ ಹಿಡಿದು ಒಂದೊಂದು ಕೈಯಲ್ಲಿ ಎರಡೆರಡು ಒಯ್ಯಬಹುದು. ಹೊಟ್ಟೆಯ ಮೇಲಿನ ಇಂಟುಮಾರ್ಕಿನಂಥ ತಗ್ಗುಗಳು ಚಂದಕ್ಕಲ್ಲ, ಬಿಸಿಲಿಗೆ ಪೆಟ್ರೋಲು ಹಿಗ್ಗಿದಾಗ ಬದಿಗಳು ಒಡೆಯದೆ ಉಬ್ಬಲಿ ಎಂದು. ಇಪ್ಪತ್ತು ಡಿಗ್ರಿ ಬಿಸಿ ಏರಿದರೆ ಇಪ್ಪತ್ತು ಲೀಟರ್ ಪೆಟ್ರೋಲು ಸುಮಾರು ನಾನೂರು ಮಿಲಿಲೀಟರ್ ಹಿಗ್ಗುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಕ್ಯಾನಿಟ್ಟವರು ಇದನ್ನು ನೆನಪಿಡಬೇಕು. ಮುಚ್ಚಳಕ್ಕೆ ತಿರುಪು ಇಲ್ಲ, ಬೆರಳಲ್ಲಿ ಎತ್ತಿ ಒತ್ತುವ ಸನ್ನೆ ಇದೆ. ಹಿಡಿಕೆಗಳ ಕೆಳಗೆ, ಬಾಯಿಗಿಂತ ಮೇಲೆ, ಪೆಟ್ರೋಲು ತುಂಬಲಾಗದ ಒಂದು ಗಾಳಿಯ ಗೂಡು ಇದೆ. ಅದರಿಂದಾಗಿ ತುಂಬಿದ ಕ್ಯಾನೂ ನೀರಲ್ಲಿ ತೇಲುತ್ತದೆ.

ಇನ್ನು ಮುಖ್ಯವಾದದ್ದು. ಬಾಯಿಯ ಒಳಗಿನಿಂದ ಆ ಗಾಳಿಯ ಗೂಡಿಗೆ ಒಂದು ಸಣ್ಣ ಕೊಳವೆ ಹೋಗುತ್ತದೆ. ಕ್ಯಾನು ಬಗ್ಗಿಸಿದಾಗ ಪೆಟ್ರೋಲು ಬಾಯಿಯಿಂದ ಹೊರಗೆ ಬರುತ್ತದೆ, ಗಾಳಿ ಕೊಳವೆಯಿಂದ ಒಳಗೆ ಹೋಗುತ್ತದೆ. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಆಯಿಯ ಎರಡನೆಯ ತೂತನ್ನು ಅವರು ಒಳಗೇ ಇಟ್ಟು, ಒಂದೇ ಮುಚ್ಚಳದ ಕೆಳಗೆ ತಂದಿದ್ದರು. ಹಾಗಾಗಿ ಮುಚ್ಚಿದಾಗ ಆವಿ ಹೋಗುವುದಿಲ್ಲ, ತೆರೆದಾಗ ಬಿಕ್ಕುವುದಿಲ್ಲ. ನಾನು ತೂತು ಬೇಡ ಎಂದದ್ದರಲ್ಲೂ ಒಂದು ನ್ಯಾಯವಿತ್ತು, ವಾಚ್‌ಮನ್ನರು ಬೇಕು ಎಂದದ್ದರಲ್ಲೂ ಇತ್ತು. ಎರಡಕ್ಕೂ ಉತ್ತರವಾಗುವ ಕ್ಯಾನು ನಾವಿಬ್ಬರೂ ಹುಟ್ಟುವ ಮೊದಲೇ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ಈ ಕ್ಯಾನು ಅಮೆರಿಕ ತಲುಪಿದ ದಾರಿ ನಮ್ಮ ದೇಶದ ಮೂಲಕವೇ ಹಾದುಹೋಗುತ್ತದೆ. ಅಮೆರಿಕದ ನೌಕಾಪಡೆಯಲ್ಲಿದ್ದ ರಿಚರ್ಡ್ ಡೇನಿಯಲ್ ಎಂಬ ಕೆಮಿಕಲ್ ಎಂಜಿನಿಯರ್ ಇದನ್ನು ಬರೆದಿಟ್ಟಿದ್ದಾನೆ. 1939ರಲ್ಲಿ ಬರ್ಲಿನ್ನಿನಲ್ಲಿದ್ದ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರ್ ತನ್ನ ಜರ್ಮನ್ ಗೆಳೆಯನ ಜೊತೆ ಸೇರಿ ಒಂದು ಗಾಡಿ ಕಟ್ಟಿ, ನೆಲದ ಹಾದಿಯಲ್ಲೇ ಭಾರತಕ್ಕೆ ಹೊರಟ. ದಾರಿಗೆ ನೀರು ಬೇಕಲ್ಲ, ಅದಕ್ಕೆಂದು ಗೆಳೆಯ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಮೂರು ಕ್ಯಾನು ಎತ್ತಿಕೊಂಡು ಬಂದ. ಹನ್ನೊಂದು ಗಡಿ ದಾಟಿದ ಮೇಲೆ ಗೋರಿಂಗ್ ವಿಮಾನ ಕಳಿಸಿ ಆ ಗೆಳೆಯನನ್ನು ವಾಪಸ್ ಕರೆಸಿಕೊಂಡ. ಹೋಗುವ ಮುನ್ನ ಅವನು ಕ್ಯಾನು ತಯಾರಿಸುವ ವಿವರಗಳನ್ನೆಲ್ಲ ಪ್ಲೈಸ್‌ಗೆ ಕೊಟ್ಟುಹೋದ. ಒಂಟಿಯಾದ ಪ್ಲೈಸ್ ಕಲ್ಕತ್ತೆಯವರೆಗೆ ಬಂದು, ಗಾಡಿಯನ್ನು ಅಲ್ಲೇ ಬಿಟ್ಟು, ವಿಮಾನ ಹತ್ತಿ ಊರಿಗೆ ಹೋದ. ಜಗತ್ತಿನ ಯುದ್ಧಕ್ಕೇ ಬೇಕಾಗಿದ್ದ ಕ್ಯಾನು ಒಂದಷ್ಟು ಕಾಲ ಕಲ್ಕತ್ತೆಯಲ್ಲಿ ಧೂಳು ತಿನ್ನುತ್ತ ಕೂತಿತ್ತು.

ಅಮೆರಿಕದ ಸೇನೆಯವರಿಗೆ ಅವನು ಹೇಳಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾದರಿ ತೋರಿಸದೆ ಕೆಲಸವಾಗದು ಎಂದು ಸುತ್ತುಬಳಸು ದಾರಿಯಲ್ಲಿ ಗಾಡಿ ತರಿಸಿ ಒಂದು ಕ್ಯಾನನ್ನು ವಾಷಿಂಗ್ಟನ್ನಿಗೆ ಕಳಿಸಿದ. ಮೊದಲನೆಯ ಮಹಾಯುದ್ಧದ ಹಳೆಯ ಕ್ಯಾನೇ ಸಾಕು ಎಂದರು. ಅದನ್ನು ತೆರೆಯಲು ಸ್ಪ್ಯಾನರ್ ಬೇಕು, ಸುರಿಯಲು ಲಾಳಿಕೆ ಬೇಕು. ಆಮೇಲೆ ಜರ್ಮನ್ ಕ್ಯಾನನ್ನು ನಕಲು ಮಾಡಲು ಕೂತವರು ಅಳತೆ, ಆಕಾರ, ಹಿಡಿಕೆಗಳನ್ನು ಮಾತ್ರ ಉಳಿಸಿಕೊಂಡರು. ಒಂದೇ ಬೆಸುಗೆ ಹೋಗಿ ಸೋರುವ ಮಡಿಕೆ ಬಂತು, ಸನ್ನೆಯ ಮುಚ್ಚಳ ಹೋಗಿ ತಿರುಪು ಬಂತು, ಗಾಳಿಯ ಕೊಳವೆಯೂ ಹೋಯಿತು. ಈ ಭಾಗ ಓದುವಾಗ ನಾನು ಕೂತ ಎಷ್ಟೋ ಮೀಟಿಂಗುಗಳು ನೆನಪಾದವು. ಬಳಸುವವನು ಬೇಕು ಎಂದದ್ದನ್ನೇ ಮೊದಲು ತೆಗೆದು, ಬೆಲೆ ಇಳಿಯಿತು ಎಂದು ಬೀಗುವ ಮೀಟಿಂಗುಗಳು. ಬ್ರಿಟಿಷರಿಗೆ ಮಾತ್ರ ಬುದ್ಧಿ ಬಂದಿತ್ತು. ಶತ್ರುವಿನಿಂದ ಕಸಿದ ಕ್ಯಾನುಗಳನ್ನೇ ಬಳಸುತ್ತಿದ್ದ ಅವರ ಸೈನ್ಯ, ಪ್ಲೈಸ್‌ನ ಇನ್ನೊಂದು ಕ್ಯಾನನ್ನು ಲಂಡನ್ನಿಗೆ ತರಿಸಿ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿತು. ಈ ಕ್ಯಾನುಗಳಿಲ್ಲದೆ ನಮ್ಮ ಸೇನೆ ಫ್ರಾನ್ಸನ್ನು ಅಷ್ಟು ವೇಗವಾಗಿ ದಾಟಲಾಗುತ್ತಿರಲಿಲ್ಲ ಎಂದು ಅಧ್ಯಕ್ಷ ರೂಸ್‌ವೆಲ್ಟ್ ಒಪ್ಪಿಕೊಂಡದ್ದು 1944ರ ಕೊನೆಗೆ.

ಆಮೇಲೆ ಪ್ಲಾಸ್ಟಿಕ್ ಬಂತು. ಹಗುರ, ಅಗ್ಗ, ತುಕ್ಕು ಹಿಡಿಯುವುದಿಲ್ಲ. ರೇಷನ್ ಅಂಗಡಿಯ ಸೀಮೆಎಣ್ಣೆ ಸಾಲಿನಲ್ಲಿ ನಾನು ಹುಡುಗನಾಗಿದ್ದಾಗಲೇ ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕ್ಯಾನೇ ಇತ್ತು. ನಮ್ಮ ಕಾನೂನು ಮಾತ್ರ ಹಳೆಯದು, 1934ರ ಪೆಟ್ರೋಲಿಯಂ ಕಾಯ್ದೆ. ಮಾರಾಟಕ್ಕಲ್ಲದೆ ಮೂವತ್ತು ಲೀಟರಿನವರೆಗೆ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಭದ್ರವಾಗಿ ಮುಚ್ಚಿದ ಗಾಜು, ಪಿಂಗಾಣಿ ಜಾಡಿ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಜಾಡಿಯಾದರೆ ಒಂದು ಲೀಟರ್, ಲೋಹವಾದರೆ ಇಪ್ಪತ್ತೈದು ಲೀಟರ್ ಮಿತಿ. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ಅಂದರೆ ನಾನು ಕಾರ್ಯದರ್ಶಿಯಾಗಿ ಕೊಂಡ ಆ ಬಿಳಿ ಕ್ಯಾನು ಮೊದಲ ದಿನದಿಂದಲೇ ಕಾನೂನಿನ ಹೊರಗಿತ್ತು.

ಅಮೆರಿಕದಲ್ಲಿರುವ ಓದುಗರಿಗೆ ಇನ್ನೊಂದು ತಮಾಷೆ ಗೊತ್ತಿರಬಹುದು. ಆವಿ ಹೊರಹೋಗಿ ಹವೆ ಕೆಡುತ್ತದೆಂದು 2009ರಿಂದ ಅಲ್ಲಿ ಕ್ಯಾನುಗಳಿಗೆ ಹೊಸ ನಿಯಮ ಬಂತು. ತಯಾರಕರು ಹಿಂದಿನ ಗಾಳಿ ತೂತು ಮುಚ್ಚಿ, ಒತ್ತಿದರೆ ಮಾತ್ರ ತೆರೆಯುವ ಸ್ಪ್ರಿಂಗಿನ ಮೂತಿ ಕೊಟ್ಟರು. ಚೆಲ್ಲದಿರಲಿ ಎಂದು ಮಾಡಿದ ಮೂತಿಯಿಂದಲೇ ಹೆಚ್ಚು ಚೆಲ್ಲುತ್ತದೆ ಎಂದು ಜನ ಇವತ್ತಿಗೂ ಗೊಣಗುತ್ತಾರೆ. ನನ್ನ ತಂಗಿಯ ಗಂಡ ಹುಲ್ಲು ಕತ್ತರಿಸುವ ಮಷಿನ್ನಿಗೆ ಪೆಟ್ರೋಲ್ ಹಾಕುವಾಗ ಆ ಮೂತಿಯನ್ನೇ ಕಿತ್ತು ಲಾಳಿಕೆ ಇಡುತ್ತಾರಂತೆ.

ಲಾಳಿಕೆಯ ವಿಷಯ ಬಂತಲ್ಲ, ಅದಕ್ಕೂ ಗಾಳಿ ಬೇಕು. ಟ್ಯಾಂಕಿನ ಬಾಯಿಗೆ ಬಿಗಿಯಾಗಿ ಕೂತರೆ ಒಳಗಿನ ಗಾಳಿ ಹೊರಬರಲಾಗದೆ ಲಾಳಿಕೆ ತುಂಬಿ ಉಕ್ಕುತ್ತದೆ. ಹೊರಮೈಗೆ ಏಣುಗಳಿರುವ ಲಾಳಿಕೆ ಕೊಳ್ಳಿ, ಇಲ್ಲವೇ ಒಂದೆಳೆಯಷ್ಟು ಎತ್ತಿ ಹಿಡಿಯಿರಿ. ಇರುವ ಕ್ಯಾನಿನಲ್ಲೇ ಸುರಿಯಬೇಕಾದರೆ ಬಾಯಿ ಕೆಳಗೆ ಬರುವಂತೆ ಅಲ್ಲ, ಮೇಲಿನ ಅಂಚಿನಲ್ಲಿ ಇರುವಂತೆ ಕ್ಯಾನನ್ನು ತಿರುಗಿಸಿ ಹಿಡಿಯಿರಿ. ಆಗ ಪೆಟ್ರೋಲಿನ ಮೇಲಿನಿಂದಲೇ ಗಾಳಿ ಒಳಗೆ ಜಾರುತ್ತದೆ, ಬಿಕ್ಕುವುದು ಕಡಿಮೆಯಾಗುತ್ತದೆ. ಮೂರ್ನಾಲ್ಕು ಜನರಿಗೆ ಮಾಡಿ ತೋರಿಸಿದ್ದೇನೆ. ನಂಬದೆ ನೀರು ಹಾಕಿ ನೋಡಿ ನಂಬಿದರು. ಇದು ಗೊತ್ತಿದ್ದರೂ ಸಾಲುತ್ತಿತ್ತು.

ಆ ಜೂನಿನ ಒಂದು ಭಾನುವಾರ ಎರ್ರಗಡ್ಡದ ಸಂತೆಗೆ ಹೋದೆ. ಹಳೆಯ ಸ್ಪ್ಯಾನರ್, ಫ್ಯಾನು, ಮಿಕ್ಸಿ ರಾಶಿಗಳ ನಡುವೆ ಹಸಿರು ಬಣ್ಣ ಕಿತ್ತುಹೋದ ಜೆರಿಕ್ಯಾನ್ ಒಂದು ಸಿಕ್ಕಿತು. ಆರುನೂರು ಹೇಳಿದ, ನಾಲ್ಕುನೂರಕ್ಕೆ ಕೊಟ್ಟ. ಟಾರ್ಚ್ ಹಾಕಿ ಒಳಗೆ ತುಕ್ಕಿಲ್ಲವೆಂದು ನೋಡಿದೆ, ಬಾಯಿಯೊಳಗೆ ಬೆರಳಿಟ್ಟು ಕೊಳವೆ ಇದೆಯೇ ಎಂದು ತಡಕಿದೆ. ಇತ್ತು. ಮುಚ್ಚಳದ ರಬ್ಬರ್ ಮಾತ್ರ ಬಿರುಕು ಬಿಟ್ಟಿತ್ತು, ರಾಣಿಗಂಜ್‌ನಲ್ಲಿ ಹೊಸದು ಹಾಕಿಸಿದೆ. ಪೂರ್ತಿ ತುಂಬಿದರೆ ಹತ್ತೊಂಬತ್ತು ಕೆಜಿಯ ಹತ್ತಿರ ತೂಗುವ ವಸ್ತು ಅದು, ಸುಟ್ಟ ಕೈಯವರು ಎತ್ತುವಂಥದ್ದಲ್ಲ. ಐದು ಲೀಟರಿಗಿಂತ ಹೆಚ್ಚು ತುಂಬುವುದು ಬೇಡ ಎಂದು ಗೋಡೆಗೆ ಬರೆದು ಅಂಟಿಸಿದೆವು. ಇವತ್ತು ಕೊಳ್ಳುವುದಾದರೆ ನಾನು ಅಷ್ಟು ದೊಡ್ಡದಕ್ಕೆ ಹೋಗುವುದಿಲ್ಲ. ಅದೇ ಕಟ್ಟಿನ ಐದು ಲೀಟರಿನ ಉಕ್ಕಿನ ಕ್ಯಾನು ಸಾಕು.

ವಾಚ್‌ಮನ್ನರು ಕೆಲಸಕ್ಕೆ ಮರಳಿದ ದಿನ ಮೊದಲು ಅದಕ್ಕೆ ನೀರು ತುಂಬಿ ಗಿಡದ ಬುಡಕ್ಕೆ ಬಗ್ಗಿಸಿ ನೋಡಿದೆವು. ಅವರು ಪಟ್ಟಿ ಸುತ್ತಿದ ಕೈಯನ್ನು ಹಿಂದೆ ಇಟ್ಟುಕೊಂಡು ಎಡಗೈಯಿಂದ ತಳ ಎತ್ತಿದರು, ನಾನು ಹಿಡಿಕೆ ಹಿಡಿದಿದ್ದೆ. ನೀರು ಒಂದೇ ಸಮನೆ ಬಿತ್ತು. ಅವರು ಕಿವಿ ಹತ್ತಿರ ತಂದು ಕೇಳಿ, "ಸಪ್ಪಳನ ಇಲ್ಲಲ್ರೀ ಸರ" ಎಂದರು. ಒಳಗಿನ ಕೊಳವೆ ತೋರಿಸಿದೆ. ಬಗ್ಗಿ ನೋಡಿ, "ಅದ ತೂತು, ಒಳಗ ಇಟ್ಟಾರ ನೋಡ್ರಿ" ಎಂದು ನಕ್ಕರು. ನಾನು ಬೇಡವೆಂದಿದ್ದ ಮಾತನ್ನು ಅವರು ಎತ್ತಲಿಲ್ಲ.

ಅದೇ ರಾತ್ರಿ ಮಿನಿಟ್ಸ್ ಪುಸ್ತಕ ತೆಗೆದು ಹಳೆಯ ಸಾಲನ್ನು ಹೊಡೆದುಹಾಕಿದೆ. ಪಕ್ಕದಲ್ಲಿ "ಕ್ಯಾನಿಗೆ ಗಾಳಿಯ ದಾರಿ ಇರಲಿಲ್ಲ. ಕ್ಯಾನು ಆರಿಸಿದವರು: ಕಾರ್ಯದರ್ಶಿ" ಎಂದು ಬರೆದು ಸಹಿ ಹಾಕಿದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಅವರು ಕೈಯಿಂದ ಕೊಟ್ಟಿದ್ದ ಅರ್ಧ ಹಣವನ್ನು ಮುಂದಿನ ಮೀಟಿಂಗಿನಲ್ಲಿ ಅಸೋಸಿಯೇಷನ್ ವಾಪಸ್ ಕೊಟ್ಟಿತು. ಇಬ್ಬರು ವಿರೋಧಿಸಿದರು.